ಕೂರಿಗೆಯ ಹಿಂದಿನ ಹಾಡು

ಹೊಳೆಯ ದಂಡೆಯ ಮೇಲೊಂದು ಮಠ. ಮಠದಲ್ಲೊಬ್ಬ ಅಜ್ಜ. ಅಜ್ಜನ ಹತ್ತಿರ ಹಾಡು ಕಲಿಯಲು ಬಂದ ಶಿಷ್ಯನೊಬ್ಬ.

ಅಜ್ಜನ ಹೆಸರು ಅಡಿವೆಪ್ಪ. ಅವನದು ಮಾತು ಕಮ್ಮಿ. ಶಿಷ್ಯನ ಹೆಸರು ಕಳಕಪ್ಪ. ಅವನ ಹತ್ತಿರ ಕಮ್ಮಿ ಅನ್ನುವುದು ಏನೂ ಇರಲಿಲ್ಲ.

ಕಂಠ ಅಂದರೆ ಕಂಠ! ಈ ದಂಡೆಯಲ್ಲಿ ನಿಂತು ದನಿ ಎತ್ತಿದರೆ ಆ ದಂಡೆಯ ದನಗಳು ಮೇಯುವುದು ಬಿಟ್ಟು ತಲೆ ಎತ್ತಬೇಕು. ಹೀಗಂತ ಹೇಳುತ್ತಿದ್ದವನು ಅವನೇ. ಹಾಗಂತ ಸುಳ್ಳೂ ಅಲ್ಲ, ನೋಡಿದವರಿದ್ದಾರೆ.

ಆ ಸೀಮೆಯಲ್ಲಿ ಹಾಡಿಲ್ಲದೆ ಬಿತ್ತನೆ ಇಲ್ಲ. ಗಂಡಸರು ಎತ್ತು ಹೂಡಿ ಕೂರಿಗೆ ಹೊಡೆಯುತ್ತಾರೆ. ಹೆಂಗಸರು ಉಡಿಯಲ್ಲಿ ಬೀಜ ತುಂಬಿಕೊಂಡು ಹಿಂದೆ ಹಿಂದೆ ನಡೆಯುತ್ತಾ ಕೂರಿಗೆಯ ಬಟ್ಟಲಿಗೆ ಬೆರಳ ಸಂದಿಯಿಂದ ಕಾಳು ಬಿಡುತ್ತಾರೆ. ಬಿಡುತ್ತಲೇ ಮಳೆಯ ಹಾಡು ಹಾಡುತ್ತಾರೆ.

ಆ ಹಾಡಿನಲ್ಲಿ ಮಳೆಗಳೆಲ್ಲ ತವರಿಗೆ ಬರುವ ಹೆಣ್ಣುಮಕ್ಕಳು. ಹಿರಿಯಳು ರೋಹಿಣಿ. ಅವಳ ಬೆನ್ನಿಗೆ ಮೃಗಶಿರ, ಅಲ್ಲಿಯವರ ಬಾಯಲ್ಲಿ ಮಿರಗ. ಆಮೇಲೆ ಆರಿದ್ರಾ. ಹೀಗೆ ಒಬ್ಬಳ ಹಿಂದೊಬ್ಬಳು.

ರೋಹಿಣಿ ಬಂದಾಳ, ಬಾಗಿಲ ತೆರೆಯವ್ವ
ಕಾಲೀಗಿ ನೀರ ಕೊಡು, ಕೂಡಂತ ಹೇಳವ್ವ

ಇಷ್ಟೇ ಹಾಡು. ಹೊಲದ ಈ ತುದಿಯಿಂದ ಆ ತುದಿಯವರೆಗೂ ಇದೇ, ತಿರುಗಿ ಬರುವಾಗಲೂ ಇದೇ. ಕೇಳಿದಾಗಲೆಲ್ಲ ಕಳಕಪ್ಪನಿಗೆ ಆಕಳಿಕೆ ಬರುತ್ತಿತ್ತು.

ಆದರೆ ಅವನಿಗೆ ಬೇಕಾಗಿದ್ದದ್ದು ಅಜ್ಜನ ಬಾಯಿಂದ ಒಂದೇ ಒಂದು ಮಾತು. "ಇನ್ನು ಊರಿಗೆ ಹೋಗು" ಅಂತ ಅಜ್ಜ ಹೇಳಿ ಕಳಿಸಿದವನನ್ನು ಅವನ ಊರಿನವರು ಊರಬಾಗಿಲ ಅಗಸಿಯಲ್ಲೇ ಎದುರುಗೊಳ್ಳುತ್ತಾರೆ. ಬಿತ್ತನೆಯ ಮೊದಲ ಹಾಡನ್ನು ಅವನಿಂದಲೇ ಹೇಳಿಸುತ್ತಾರೆ. ಆಮೇಲೆ ಅವನು ಸಾಯುವವರೆಗೂ ಆ ಊರಿಗೆ ಅವನದೇ ಹಾಡು. ಆ ಮಾತು ಇಲ್ಲದೆ ಹೋದವನನ್ನು ನಾಯಿಯೂ ಮೂಸುವುದಿಲ್ಲ.

ಆ ವರ್ಷ ರೋಹಿಣಿ ಬರಲಿಲ್ಲ. ಹಿಂದಿನ ವರ್ಷವೂ ಬಂದಿರಲಿಲ್ಲ. ಅದರ ಹಿಂದಿನ ವರ್ಷ ಬಂದಂತೆ ಮಾಡಿ, ಅಂಗಳ ತೋಯಿಸಿ ಹೋಗಿದ್ದಳು.

ಮಧ್ಯಾಹ್ನವಾದರೆ ಮುಗಿಲು ಕಪ್ಪಾಗುತ್ತಿತ್ತು. ಸಂಜೆಗೆ ಗಾಳಿ ಎದ್ದು ಆ ಕಪ್ಪನ್ನೆಲ್ಲ ಗುಡಿಸಿಕೊಂಡು ಹೋಗುತ್ತಿತ್ತು. ಎತ್ತುಗಳು ಗೂಟದ ಸುತ್ತ ತಿರುಗುತ್ತಿದ್ದವು. ಕಳಕಪ್ಪ ಮಠದ ಸುತ್ತ ತಿರುಗುತ್ತಿದ್ದ.

"ಅಜ್ಜಾರ, ನಾ ಊರಿಗೆ ಯಾವಾಗ ಹೋಗೂದ್ರಿ?"

ಅಜ್ಜ ಬೇವಿನ ಕಡ್ಡಿ ಅಗಿಯುತ್ತಿದ್ದ. "ನಿನ್ನ ಹಾಡು ಹೊಲದಾಗ ಹುಟ್ಟಿದ ದಿನ."

"ನೀವು ಕಲಿಸಿದ ಹಾಡೆಲ್ಲ ಬಾಯಾಗ ಐತ್ರಿ. ಹಿಂದ ಮುಂದ ಮಾಡಿ ಹೇಳು ಅಂದ್ರೂ ಹೇಳ್ತೀನಿ."

"ಅದು ನಮ್ಮ ಮುತ್ತಜ್ಜಿಯರ ಹಾಡು."

"ಮುತ್ತಜ್ಜಿಯರ ಹಾಡು ಸುಳ್ಳು ಐತ್ರಿ ಅಜ್ಜಾರ!"

ಬಹಳ ದಿನದಿಂದ ಗಂಟಲಲ್ಲೇ ಇದ್ದ ಮಾತು ಹೊರಗೆ ಬಿದ್ದೇ ಬಿಟ್ಟಿತು. ಅಜ್ಜ ಬಾಯಿಂದ ಕಡ್ಡಿ ತೆಗೆದ.

"ಸುಳ್ಳಲ್ದ ಮತ್ತೇನ್ರಿ? ರೋಹಿಣಿ ಬಂದಾಳ, ಬಾಗಿಲ ತೆಗಿ ಅಂತಾರ. ಎಲ್ಲಿ ಬಂದಾಳ? ಮಿರಗದಾಗ ಬಿತ್ತಾಕ ಹತ್ತಿ ಎಷ್ಟು ವರ್ಷ ಆತು! ಮಳಿ ಬದಲಾತು, ಕಾಲ ಬದಲಾತು, ಹಾಡು ಮಾತ್ರ ಕುಂತಲ್ಲೇ ಕುಂತೈತಿ. ಬಾರದಾಕಿಗೆ ಕಾಲಿಗೆ ನೀರು ಕೊಡ್ರಿ ಅಂತ ಹಾಡಿದ್ರ ಎತ್ತು ಸೈತ ನಗ್ತಾವು."

ಬೈಯಿಸಿಕೊಳ್ಳಲು ಅವನು ಎದೆ ಕೊಟ್ಟು ನಿಂತಿದ್ದ. ಬೈದರೆ ತಿರುಗಿ ಏನು ಹೇಳಬೇಕು ಅನ್ನುವುದನ್ನೂ ಜೋಡಿಸಿಟ್ಟುಕೊಂಡಿದ್ದ.

"ಖರೆ," ಅಂದ ಅಜ್ಜ. "ಹೊಸಾದು ಕಟ್ಟು."

ಜೋಡಿಸಿಟ್ಟಿದ್ದ ಮಾತೆಲ್ಲ ದಂಡವಾಯಿತು.

"ಕಟ್ಲೇನ್ರಿ? ನಾನ?"

"ನೀನ. ಹೊಲದಾಗ ಅಡ್ಡಾಡಿಕೊಂತ ಕಟ್ಟು."

"ಹೊಲದಾಗ ಏನೈತ್ರಿ, ಬರೇ ಮಣ್ಣು. ಹೊಳಿ ದಂಡಿಗೆ ಹೋಗ್ತೀನಿ. ಅಲ್ಲಿ ಹಾಡಿದ್ರ ದನಿ ತಿರುಗಿ ಬರ್ತೈತಿ."

ಅಜ್ಜ ಮತ್ತೆ ಕಡ್ಡಿ ಬಾಯಿಗಿಟ್ಟ.

ಕಳಕಪ್ಪ ಹೊಳೆ ದಂಡೆಯಲ್ಲಿ ಶತಪಥ ಹಾಕಿದ. ಕೂಗಿದ. ದನಿ ತಿರುಗಿ ಬಂತು. ಬಂದದ್ದನ್ನು ಕೇಳಿ ತಾನೇ ತಲೆದೂಗಿದ. ಇನ್ನಷ್ಟು ಜೋರಾಗಿ ಕೂಗಿದ.

ಬಂಡೆಯ ಆಚೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಗಂಟು ಕಟ್ಟಿಕೊಂಡು ಓಡಿ ಬಂದರು. ಮುಂದೆ ಇದ್ದವಳು ಫಕೀರವ್ವ. ಮಠದ ಹೊಲದ ಪಕ್ಕದಲ್ಲೇ ಅವಳದೊಂದು ತುಂಡು ಹೊಲ. ಬೀಜ ಬಿಡುವ ಹೆಂಗಸರಿಗೆಲ್ಲ ಅವಳೇ ಮುಂದಾಳು.

"ಏ ತಮ್ಮಾ! ಗುಡುಗಿತಂತ ಒಗೆಯೋದು ಅರ್ಧಕ್ಕ ಬಿಟ್ಟು ಎದ್ದ್ವಿ. ನೋಡಿದ್ರ ನೀನ!"

"ಗುಡುಗಿದಂಗ ಆತೇನಬೇ ಯವ್ವಾ?"

"ಆತಪ್ಪಾ, ಎದಿ ಝಲ್ ಅಂತು."

ಉಳಿದವರು ಸೆರಗು ಬಾಯಿಗೆ ಹಿಡಿದು ನಕ್ಕರು. ಕಳಕಪ್ಪನಿಗೆ ಅದು ನಗುವಿನಂತೆ ಕೇಳಲೇ ಇಲ್ಲ. ಎದೆ ಝಲ್ ಅಂತು ಅಂದಳಲ್ಲ, ಅಷ್ಟೇ ಕೇಳಿತು. ನೆಟ್ಟಗೆ ಮಠಕ್ಕೆ ಓಡಿ, ಅಜ್ಜನ ಮುಂದೆ ನಿಂತು ಹಾಡಿ ತೋರಿಸಿದ.

ಬಂತು ನೋಡ್ರಿ ಮಿರಗ, ಮುಗಿಲ ಸೀಳಿ ಬಂತು
ಧಡಧಡ ಧಡಧಡ ಧಡಧಡ ಬಂತು
ಕೇಳ್ರಿ ಕಳಕಪ್ಪ ಕರೆದರ ಓಡೋಡಿ ಬಂತೂ...

ಕೊನೆಯ 'ಬಂತೂ' ಎಳೆದದ್ದೇ ಎಳೆದದ್ದು. ಮಠದ ಮಾಡಿನಲ್ಲಿದ್ದ ಪಾರಿವಾಳಗಳು ಎದ್ದು ಹೋದವು.

"ಈ ಕಳಕಪ್ಪ ಯಾರು?" ಕೇಳಿದ ಅಜ್ಜ.

"ಯಾರಂದ್ರ? ನಾನ್ರಿ!"

"ಬಿತ್ತುವಾಗ ಎಲ್ಲಿರ್ತಾನ ಅಂವ?"

"ಬದುವಿನ ಮ್ಯಾಲ ನಿಂತಿರ್ತಾನ್ರಿ. ಎಲ್ಲಾರಿಗೂ ಕಾಣಬೇಕಲ್ಲ."

ಅಜ್ಜ ಪಾರಿವಾಳಗಳು ಹೋದ ಕಡೆ ನೋಡಿದ.

ಮಿರಗ ಬಂತು. ಕಳಕಪ್ಪ ಕರೆದದ್ದಕ್ಕೇ ಬಂತೋ ಅದರ ಪಾಡಿಗೆ ಅದು ಬಂತೋ, ಬಂತಂತೂ ಖರೆ. ಎರೆಮಣ್ಣು ಕುಡಿದು ಕುಡಿದು ಉಬ್ಬಿತು. ಹದವಾದ ಬೆಳಿಗ್ಗೆ ಊರಿನ ಕೂರಿಗೆಗಳೆಲ್ಲ ಹೆಸರುಕಾಳು ಬಿತ್ತಲು ಮಠದ ಹೊಲಕ್ಕೆ ಬಂದವು. ಮೊದಲು ಮಠದ ಹೊಲ ಬಿತ್ತಿ ಆಮೇಲೆ ತಮ್ಮ ಹೊಲ, ಅದು ಅಲ್ಲಿಯ ರೂಢಿ.

ಕಳಕಪ್ಪ ಮಡಿ ಧೋತರ ಉಟ್ಟು ಬದುವಿನ ಮೇಲೆ ನಿಂತ. ಮಠದ ಎತ್ತು ಹೊಡೆಯುವ ಗುದ್ನೆಪ್ಪ ಕೂರಿಗೆಯ ಮೇಳಿ ಹಿಡಿದು, "ಎತ್ತೋ ನಿನ್ನ ದನಿ" ಅಂದ.

ಎತ್ತಿದ.

ಆಹಾ! ಅಂಥ ಬಿತ್ತನೆಯನ್ನು ಆ ಊರು ಕಂಡಿರಲಿಲ್ಲ. ಧಡಧಡ ಬಂದಾಗ ಎತ್ತುಗಳು ಹೆಜ್ಜೆ ಕಿತ್ತು ಹಾಕಿದವು. ಹೆಂಗಸರು ನಕ್ಕರು, ಕುಣಿದರು, ಧಡಧಡಕ್ಕೆ ಸರಿಯಾಗಿ ಉಡಿಯಿಂದ ಕಾಳು ಬಾಚಿ ಬಟ್ಟಲಿಗೆ ಸುರಿದರು. ಅವನು 'ಬಂತೂ' ಎಳೆದಾಗ ಬಾಯಿ ತೆರೆದು ಅವನ ಕಡೆಗೇ ನೋಡುತ್ತಾ ನಡೆದರು. ಗಂಟಲು ಒಣಗಿ ಅವನು ನೀರು ಕುಡಿಯಲು ಹೋದಾಗ ಮಾತ್ರ ತಮ್ಮ ಪಾಡಿಗೆ ತಾವು ಗುನುಗಿಕೊಂಡು ಒಂದು ಸುತ್ತು ಮುಗಿಸಿದರು.

"ನನ್ನ ಹೊಲಕ್ಕೂ ಬಾರಪ್ಪಾ," ಅಂದಳು ಫಕೀರವ್ವ. "ಹಿಂಗ ನಕ್ಕೋತ ಬಿತ್ತಿ ಎಷ್ಟು ವರ್ಷ ಆತೋ."

ಅವಳ ತುಂಡು ಹೊಲಕ್ಕೂ ಹೋದ. ಅಲ್ಲಿ ಇನ್ನಷ್ಟು ಎಳೆದು ಹಾಡಿದ. ಉಳಿದವರು ಹೊತ್ತಾಯಿತು, ನಾಳೆ ನಾಡಿದ್ದು ಬಿತ್ತುತ್ತೇವೆ ಅಂತ ಎತ್ತು ಬಿಚ್ಚಿದರು. ಆ ಬಳಿಕ ಜಿಟಿಜಿಟಿ ಹಿಡಿದು ಯಾರಿಗೂ ಬಿತ್ತಲಾಗಲಿಲ್ಲ.

"ಹೆಂಗಿತ್ರಿ ಅಜ್ಜಾರ?"

"ಇನ್ನ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ! ಅಲ್ಲೇ ಕುಂತು ಕೇಳಿದ್ರೆಲ್ಲ?"

"ಕೇಳೀನಿ. ನೋಡಿಲ್ಲ."

ಹಾಡನ್ನು ನೋಡುವುದು ಅಂದರೇನು? ಅಜ್ಜನಿಗೆ ವಯಸ್ಸಾಯಿತು ಅಂದುಕೊಂಡ ಕಳಕಪ್ಪ. ಬೆಳಗಾದರೆ ಬಟ್ಟೆಯ ಗಂಟು ಕಟ್ಟುವನು, ಅಜ್ಜನ ಮುಖ ನೋಡುವನು, ಸಂಜೆಗೆ ಬಿಚ್ಚುವನು. ಊಟ ಸೇರಲಿಲ್ಲ. ಮೈಮೇಲೆ ಇರುವೆ ಬಿಟ್ಟವರ ಹಾಗೆ ಕೂತಲ್ಲಿ ಕೂರಲಿಲ್ಲ. ತನ್ನೂರಿನ ಅಗಸಿ ಕಣ್ಣಿಗೆ ಕಟ್ಟುತ್ತಿತ್ತು. ಅಲ್ಲಿ ಹಲಗೆ ಬಾರಿಸುತ್ತಾ ನಿಂತವರ ಮುಖ ಒಂದೊಂದೂ ಕಾಣುತ್ತಿತ್ತು.

ಮೋಡ ಹರಿದು ಬಿಸಿಲು ಬಂತು. ಅಜ್ಜ ಹೊಲದಿಂದ ತಿರುಗಿ ಬಂದು ಮಠದ ಬಾಗಿಲಲ್ಲಿ ನಿಂತ.

"ಬಾ ತಮ್ಮಾ. ಹುಟ್ಟೇತಿ."

"ಹೆಸರು ಹುಟ್ತೇನ್ರಿ?"

"ನಿನ್ನ ಹಾಡು ಹುಟ್ಟೇತಿ."

ಕಳಕಪ್ಪ ಕಟ್ಟಿಟ್ಟ ಗಂಟನ್ನು ಹೆಗಲಿಗೇರಿಸಿಕೊಂಡೇ ಓಡಿದ. ಗುದ್ನೆಪ್ಪ ಆಗಲೇ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಅವನು ಯಾಕೋ ತಲೆ ಎತ್ತಲಿಲ್ಲ.

"ಓದು," ಅಂದ ಅಜ್ಜ.

"ಏನು ಓದೂದ್ರಿ? ಇಲ್ಲಿ ಏನೈತಿ?"

"ಈ ತುದಿಯಿಂದ ಹಿಡಿ."

ಕಳಕಪ್ಪ ಸಾಲು ಹಿಡಿದು ನಡೆದ. ಮೊದಲಿಗೆ ಅಲ್ಲೊಂದು ಇಲ್ಲೊಂದು ಎಳೆ ಹಸಿರು. ಮುಂದೆ ಒಮ್ಮೆಲೇ ಕಾಲಿಡಲು ಜಾಗವಿಲ್ಲದಂತೆ ಒಂದರ ಮೇಲೊಂದು ಬಿದ್ದು ಎದ್ದ ಮೊಳಕೆ. ಒಂದಕ್ಕೊಂದು ಉಸಿರಾಡಲು ಬಿಡದ ಹಾಗೆ, ಹುಟ್ಟುತ್ತಲೇ ಹಳದಿಯಾದ ಮೊಳಕೆ. ಅದರ ಮುಂದೆ ಏನೂ ಇಲ್ಲ. ಬರಿಯ ಕರಿಮಣ್ಣು. ಒಬ್ಬ ಮನುಷ್ಯ ಉದ್ದಕ್ಕೆ ಮಲಗಬಹುದಾದಷ್ಟು ಕರಿಮಣ್ಣು.

ಮತ್ತೆ ಅಲ್ಲೊಂದು ಇಲ್ಲೊಂದು. ಮತ್ತೆ ಕಾಲಿಡಲು ಜಾಗವಿಲ್ಲ. ಮತ್ತೆ ಬಯಲು.

ಅವನ ತುಟಿ ತಾನಾಗಿ ಅಲುಗತೊಡಗಿತು. ಬಂತು ನೋಡ್ರಿ ಮಿರಗ. ಧಡಧಡ ಧಡಧಡ ಧಡಧಡ. ಓಡೋಡಿ ಬಂತೂ...

ನಿಂತುಬಿಟ್ಟ.

"ಯಾಕ ನಿಂತಿ? ಇನ್ನ ಭಾಳ ಐತಿ, ಓದು."

ಕಳಕಪ್ಪ ತಲೆ ಎತ್ತಿ ನೋಡಿದ. ಹೊಲದ ಆ ತುದಿಯಲ್ಲಿ ಒಂದು ಪಟ್ಟೆ ಮಾತ್ರ ಬಾಚಿದ ತಲೆಯ ಹಾಗೆ ಸಮನಾಗಿ ಹುಟ್ಟಿತ್ತು. ಅವನಿಗೆ ಜೀವ ಬಂತು.

"ಅಲ್ನೋಡ್ರಿ ಅಜ್ಜಾರ! ಅಲ್ಲಿ ಎಷ್ಟು ಛಂದ ಹುಟ್ಟೇತಿ! ಅಲ್ಲಿ ನಾ ಏನು ಹಾಡಿದ್ದೆ?"

ಗುದ್ನೆಪ್ಪ ಕೂತಲ್ಲಿಂದಲೇ ಹೇಳಿದ. "ಅಲ್ಲಿ ನೀ ನೀರು ಕುಡ್ಯಾಕ ಹೋಗಿದ್ದಿ."

ಗಾಳಿ ಬೀಸಿತು. ಹಳದಿ ಮೊಳಕೆಗಳು ಅಲುಗಿದವು. ಕಳಕಪ್ಪನ ಮುಖ ಕಪ್ಪಿಟ್ಟಿತು.

"ನೀವು ಮಾತು ಕೊಟ್ಟಿದ್ರಿ," ಅಂದ, ಜಗಳಕ್ಕೆ ನಿಂತವನ ಹಾಗೆ. "ಹಾಡು ಹೊಲದಾಗ ಹುಟ್ಟಿದ ದಿನ ಊರಿಗೆ ಹೋಗು ಅಂದಿದ್ರಿ."

"ಅಂದಿದ್ದೆ. ಹುಟ್ಟೇತಿ. ಗಂಟೂ ಹೆಗಲ ಮ್ಯಾಲೇ ಐತಿ. ಹೋಗೂದಾದ್ರ ಹೋಗು. ತಡದವರ್‍ಯಾರು?"

ಹೊರಟೇ ಬಿಟ್ಟ. ಹಿಂದೆ ನೋಡಲಿಲ್ಲ. ಊರಿನವರಿಗೇನು ಗೊತ್ತಾಗುತ್ತದೆ, ಅಜ್ಜ ಹೋಗು ಅಂದದ್ದು ಸುಳ್ಳಲ್ಲವಲ್ಲ, ಅಂತ ದಾರಿಯುದ್ದಕ್ಕೂ ತನಗೆ ತಾನೇ ವಾದ ಹೇಳಿಕೊಂಡ.

ದಾರಿ ಫಕೀರವ್ವನ ಹೊಲದ ಬದುವಿಗೇ ಅಂಟಿಕೊಂಡು ಹೋಗುತ್ತಿತ್ತು. ಅವಳು ಹೊಲದ ನಡುವೆ ಕೂತು, ದಟ್ಟವಾಗಿ ಹುಟ್ಟಿದ ಕಡೆಯಿಂದ ಮೊಳಕೆ ಕಿತ್ತು ಬಯಲಿದ್ದ ಕಡೆ ಊರುತ್ತಿದ್ದಳು. ಹಿಂದೆ ಊರಿದ್ದವು ಆಗಲೇ ಬಾಡಿ ತಲೆ ಬಾಗಿಸಿದ್ದವು.

ಸುಮ್ಮನೆ ದಾಟಿ ಹೋಗಬಹುದಿತ್ತು. ಆದರೆ ಆ ಬಾಯಿ ಸುಮ್ಮನಿರುವ ಬಾಯಿಯಲ್ಲ.

"ಅವು ಹತ್ತೂದಿಲ್ಲ ಬೇ ಯವ್ವಾ."

"ಗೊತ್ತೈತಿ ತಮ್ಮಾ. ಕೈ ಸುಮ್ಮನಿರವಲ್ದು."

"ಬೀಜ ಐತೇನು, ಮತ್ತ ಬಿತ್ತಾಕ?"

"ಇದ್ದದ್ದೆಲ್ಲ ಅವತ್ತ ಬಿತ್ತೀನಿ."

ಅವಳು ಬೈಯುತ್ತಾಳೆ ಅಂತ ಕಾದ. ಬೈದಿದ್ದರೆ ಹಗುರಾಗುತ್ತಿತ್ತು.

"ಹಾಡು ಮಾತ್ರ ಛಲೋ ಇತ್ತು ಬಿಡಪ್ಪಾ," ಅಂದಳು ಫಕೀರವ್ವ. "ಕೇಳಿಕೊಂತ ಕೇಳಿಕೊಂತ ನನ್ನ ಕೈನ ಮರ್ತೆ." ಆಮೇಲೆ ಅವನ ಹೆಗಲ ಮೇಲಿನ ಗಂಟು ನೋಡಿದಳು. "ಊರಿಗೆ ಹೊಂಟಿಯೇನು? ಅಲ್ಲೂ ಇದನ್ನ ಹಾಡ್ತಿ?"

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಕೇಳಬೇಕು ಅನ್ನಿಸಿತು, ಕೇಳಿದಳು.

ಕಳಕಪ್ಪ ಗಂಟನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಅವನ ಕಣ್ಣ ಮುಂದೆ ಊರಿನ ಅಗಸಿ ಬರಲಿಲ್ಲ. ಅಗಸಿಯ ಆಚೆಯ ಹೊಲಗಳು ಬಂದವು. ಹಳದಿ ಗುಂಪು, ಕರಿ ಬಯಲು, ಹಳದಿ ಗುಂಪು, ಕರಿ ಬಯಲು, ಕಣ್ಣು ಹಾಯುವವರೆಗೂ.

ತಿರುಗಿ ಮಠಕ್ಕೆ ಬಂದ. ಗಂಟನ್ನು ಗೂಟಕ್ಕೆ ತೂಗುಹಾಕಿ ಅಜ್ಜನ ಮುಂದೆ ನಿಂತ.

"ತಪ್ಪಾತ್ರಿ. ಇನ್ನ ಮ್ಯಾಲ ಹಳೇದನ್ನ ಹಾಡ್ತೀನಿ."

"ಹಳೇದು ಸುಳ್ಳು ಅಂದಿದ್ದೆಲ್ಲ?"

"ಅಂದಿದ್ದೆ."

"ಈಗ ಖರೆ ಆತೇನು? ರೋಹಿಣಿ ಬಂದಳೇನು?"

"ಇಲ್ರಿ."

"ಮತ್ತ?"

"ಹಂಗಾದ್ರ ನಾ ಏನು ಹಾಡ್ಲಿ? ಹಳೇದು ಹಾಡಿದ್ರ ಸುಳ್ಳು, ಹೊಸಾದು ಹಾಡಿದ್ರ ಹೊಲ ಹಾಳು! ನೀವ ಹೇಳ್ರಿ!"

ಅಜ್ಜ ಎದ್ದು ಹಿತ್ತಲಿಗೆ ಹೋದ. ಮೊಳಕೆ ಕಿತ್ತು ನೆಲ ಸಮ ಮಾಡುವ ಕುಂಟೆ ಅಲ್ಲಿ ಗೋಡೆಗೆ ಒರಗಿತ್ತು. ಅದನ್ನು ಎಳೆದು ತಂದು ಶಿಷ್ಯನ ಕಾಲ ಬಳಿ ಇಟ್ಟ.

ಕಳಕಪ್ಪನಿಗೆ ತಿಳಿಯಿತು.

"ಗುದ್ನೆಪ್ಪಗ ಹೇಳ್ರಿ ಅಜ್ಜಾರ. ನನ್ನ ಕೈಲೆ ಆಗೂದಿಲ್ಲ."

"ಹಾಡು ಗುದ್ನೆಪ್ಪಂದೇನು?"

ಎತ್ತು ಹೂಡಿದರು. ಗುದ್ನೆಪ್ಪ ಮುಂದೆ, ಕುಂಟೆ ಹಿಡಿದ ಕಳಕಪ್ಪ ಹಿಂದೆ. ಒಂದೊಂದೇ ಸಾಲು ತಲೆಕೆಳಗಾಯಿತು. ಬೇರು ಮೇಲೆ, ಹಸಿರು ಕೆಳಗೆ. ಗುಡುಗು ಹೋಯಿತು, ಮುಗಿಲು ಹೋಯಿತು, ಕರೆದವನೂ ಹೋದ.

"ಎಡಕ್ಕ ನೋಡೋ," ಗುದ್ನೆಪ್ಪ ಕೂಗಿದ. "ಒಂದು ಧಡಧಡ ಉಳದೈತಿ."

ಕಳಕಪ್ಪ ಅವನನ್ನು ಕೊಲ್ಲುವ ಹಾಗೆ ನೋಡಿ ಎಡಕ್ಕೆ ತಿರುಗಿಸಿದ. ಸಮನಾಗಿ ಹುಟ್ಟಿದ್ದ ಪಟ್ಟೆಯೊಂದನ್ನು ಬಿಟ್ಟು ಮಠದ ಹೊಲವೆಲ್ಲ ಮುಗಿಯಿತು. ಫಕೀರವ್ವನ ಹೊಲವೂ ಮುಗಿಯಿತು.

ನೆಲದಲ್ಲಿ ಇನ್ನೂ ಹಸಿ ಇತ್ತು. ಅಜ್ಜ ನೆಲದೊಳಗೆ ಕಾಳು ಕೂಡಿಡುವ ಮಠದ ಹಗೇವಿನಿಂದ ಬೀಜ ತೆಗೆಸಿದ. ಆದರೆ ಕೊಟ್ಟದ್ದು ಫಕೀರವ್ವನಿಗಲ್ಲ.

"ಉಡಿ ಕಟ್ಟಿಕೊ," ಅಂದ ಶಿಷ್ಯನಿಗೆ.

ಆ ಸೀಮೆಯಲ್ಲಿ ಗಂಡಸು ಉಡಿ ಕಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಕಳಕಪ್ಪ ಬೆಂಕಿ ತುಳಿದವನ ಹಾಗೆ ಹಿಂದಕ್ಕೆ ಸರಿದ. ಹೆಂಗಸರು ಬಿಟ್ಟಾರೆಯೇ? ಫಕೀರವ್ವ ಅವನ ಹೆಗಲ ಟವೆಲನ್ನೇ ಎಳೆದು ನಡುವಿಗೆ ಸುತ್ತಿ ಗಂಟು ಹಾಕಿದಳು.

"ನಾಚಬ್ಯಾಡೋ ತಂಗೆವ್ವಾ."

"ಕುಂಕಮ ತರ್ಲೇನು?" ಅಂದಳು ಇನ್ನೊಬ್ಬಳು.

"ನಕ್ಕೋರಿ, ನಕ್ಕೋರಿ," ಅಂದ ಕಳಕಪ್ಪ ಹಲ್ಲು ಕಚ್ಚಿ. "ನಿಮಗಿಂತ ಛಲೋ ಬಿಡ್ತೀನಿ, ನೋಡ್ರಿ."

ಬಿಡಲಾಗಲಿಲ್ಲ. ಕೂರಿಗೆ ಹೊರಟದ್ದೇ ಕೈ ಹಿಡಿತ ತಪ್ಪಿತು. ಊರಿನವರು ಏನಂದಾರು ಅಂತ ನೆನೆದರೆ ಕೈ ಭಸಕ್ಕನೆ ಸುರಿಯುತ್ತಿತ್ತು. ಉಡಿ ಕಟ್ಟಿದ್ದು ನೆನಪಾದರೆ ಕೈ ನಿಂತೇ ಹೋಗುತ್ತಿತ್ತು. ಮನಸ್ಸಿನಲ್ಲಿ ಎದ್ದದ್ದೆಲ್ಲ ಬೆರಳ ತುದಿಗೆ ಬರುತ್ತಿತ್ತು, ಅಲ್ಲಿಂದ ನೆಲಕ್ಕೆ ಬೀಳುತ್ತಿತ್ತು.

ಅಜ್ಜ ಪಕ್ಕದಲ್ಲೇ ನಡೆಯುತ್ತಿದ್ದ.

"ಹಾಡೋ."

"ಯಾವುದ್ನ ಹಾಡ್ಲಿ?"

"ನಿನ್ನ ಕೈನ ಕೇಳು."

ಕೈಗೆ ಬಾಯಿ ಇದೆಯೇ ಅಂತ ಸಿಡುಕಲು ಹೊರಟವನು ಬೆರಳ ಕಡೆ ನೋಡಿದ. ಎತ್ತಿನ ಹೆಜ್ಜೆ ಬಿತ್ತು. ಕೂರಿಗೆ ಕಿರ್ ಅಂತು. ಬೇಸರಕ್ಕೋ ರೂಢಿಗೋ, ಹಳೆಯ ಹಾಡಿನ ಧಾಟಿ ಗಂಟಲಲ್ಲಿ ಎದ್ದಿತು. ಬಾಗಿಲ ತೆರೆಯವ್ವ, ಒಂದು ಚಿಟಿಕೆ ಕಾಳು. ಕಾಲೀಗಿ ನೀರ ಕೊಡು, ಒಂದು ಚಿಟಿಕೆ. ಕೂಡಂತ ಹೇಳವ್ವ, ಒಂದು ಚಿಟಿಕೆ. ಆಕಳಿಕೆ ತರಿಸುತ್ತಿದ್ದ ಹಾಡು ಕೈಗೆ ಬಳೆಯ ಹಾಗೆ ಕೂತಿತು.

ಧಾಟಿ ಕೂತಿತು, ಮಾತು ಕೂರಲಿಲ್ಲ. 'ರೋಹಿಣಿ ಬಂದಾಳ' ಅನ್ನುವಲ್ಲಿ ನಾಲಿಗೆ ತಡೆಯಿತು. ಒಂದು ಸಲ ತಡೆಯಿತು, ಮತ್ತೊಂದು ಸಲ ತಡೆಯಿತು. ಬಾರದವಳನ್ನು ಬಂದಳು ಅಂತ ಯಾಕೆ ಅನ್ನಲಿ? ಫಕೀರವ್ವನ ಹೊಲದ ತುದಿ ಬರುವಷ್ಟರಲ್ಲಿ ಅವನ ಬಾಯಲ್ಲಿ ಬೇರೆಯೇ ಮಾತಿತ್ತು.

ರೋಹಿಣಿ ಬರಲಿಲ್ಲ, ಬಾಗಿಲ ಮುಚ್ಚಬ್ಯಾಡ
ತಂಗಿ ಮಿರಗ ಬಂದಾಳ, ಕೂಡಂತ ಹೇಳವ್ವ

ಮೆಲ್ಲಗೆ ಹಾಡಿದ. ದನಿ ಎಲ್ಲಿಗೂ ಹೋಗಿ ತಿರುಗಿ ಬರಲಿಲ್ಲ.

ಮುಂದಿನ ಸಾಲಿಗೆ ಫಕೀರವ್ವ ದನಿ ಸೇರಿಸಿದಳು. ಆಮೇಲೆ ಉಳಿದವರು. ಯಾರೂ ಕುಣಿಯಲಿಲ್ಲ. ಯಾರೂ ಬಾಯಿ ತೆರೆದು ಅವನನ್ನು ನೋಡಲಿಲ್ಲ. ಎಲ್ಲರ ಕಣ್ಣೂ ಅವರವರ ಬೆರಳ ಮೇಲಿತ್ತು.

ಹಾಗಂತ ಕಳಕಪ್ಪ ಕಳಕಪ್ಪನಲ್ಲದೆ ಹೋದನೇ? ಸಾಲಿನ ತುದಿಯಲ್ಲಿ ಎತ್ತು ತಿರುಗುವಾಗ ಕಾಳು ಬಿಡುವುದಿಲ್ಲ. ಅದನ್ನು ಅವನು ನೋಡಿಟ್ಟುಕೊಂಡ. ಅಲ್ಲಿ ಏನು ಹಾಡಿದರೂ ಯಾರ ಹೊಲಕ್ಕೂ ನಷ್ಟವಿಲ್ಲ. ಅಲ್ಲೊಂದು ಸಾಲು ಸೇರಿಸಿದ.

ಹೊಳೆದಂಡಿ ಕಳಕಪ್ಪ ಕಟ್ಟೀದ ಹಾಡವ್ವ

ಅಜ್ಜ ಕೇಳಿಸಿಕೊಂಡ. ಮೀಸೆಯ ಕೆಳಗೆ ನಕ್ಕನೋ ಇಲ್ಲವೋ ಗೊತ್ತಾಗಲಿಲ್ಲ.

ಹೆಸರು ಸಮನಾಗಿ ಹುಟ್ಟಿತು. ಎರಡೂ ಹೊಲ. ಕಳಕಪ್ಪ ಬೆಳಿಗ್ಗೆ ಎದ್ದವನೇ ಹೋಗಿ ನೋಡುವನು, ಸಂಜೆ ಹೋಗಿ ನೋಡುವನು. ಅಜ್ಜ ಮಾತ್ರ ಊರಿಗೆ ಹೋಗು ಅನ್ನಲಿಲ್ಲ. ಗಂಟು ಗೂಟಕ್ಕೆ ತೂಗುತ್ತಲೇ ಇತ್ತು. ಒಳಗಿನ ಇರುವೆ ಮತ್ತೆ ಹರಿಯತೊಡಗಿತು. ಇನ್ನೇನು ಬೇಕು ಈ ಮುದುಕನಿಗೆ? ಹಾಡು ಕಟ್ಟಿದ್ದಾಯಿತು, ಹುಟ್ಟಿದ್ದೂ ಆಯಿತು!

ಮಿರಗ ಹೋಗಿ ಆರಿದ್ರಾ ಹೊಕ್ಕಿತು. ತಡವಾಗಿ ಬಿತ್ತುವವರು ಸಜ್ಜೆ ಬಿತ್ತಲು ಹೊಲಕ್ಕಿಳಿದರು. ಗುರು ಶಿಷ್ಯರು ಪಕ್ಕದೂರಿನಿಂದ ಬರುತ್ತಿದ್ದರು. ದೂರದ ಹೊಲದಿಂದ ಹಾಡು ತೇಲಿ ಬಂತು.

ಕಳಕಪ್ಪ ಅಜ್ಜನ ಮುಂಗೈ ಹಿಡಿದ. "ಕೇಳ್ರಿ, ಕೇಳ್ರಿ! ನಂದು! ನಾ ಇಲ್ದಾಗೂ ನಂದನ್ನ ಹಾಡಾಕ ಹತ್ಯಾರ!"

ಧಾಟಿ ಅದೇ. ಹತ್ತಿರ ಬಂದಷ್ಟೂ ಮಾತು ಬಿಡಿಸಿ ಕೇಳಿಸಿತು. ಮುಂದೆ ಹಾಡುತ್ತಿದ್ದವಳು ದುಡಿಮೆಗೆ ದುಡಿಮೆ ತೀರಿಸಲು ಮುಯ್ಯಾಳಾಗಿ ಬಂದಿದ್ದ ಫಕೀರವ್ವ.

ನೀಲವ್ವ ಬರಲಿಲ್ಲ, ಬಾಗಿಲ ಮುಚ್ಚಬ್ಯಾಡ
ತಂಗಿ ಆರಿದ್ರಾ ಬಂದಾಳ, ಕೂಡಂತ ಹೇಳವ್ವ

ಸಾಲಿನ ತುದಿ ಬಂತು. ಕಳಕಪ್ಪ ಕಿವಿ ನಿಮಿರಿಸಿದ.

ದಣಿದಾವ ಎತ್ತುಗಳು, ನೆರಳೀಗಿ ಬಿಡರವ್ವ

ಕಳಕಪ್ಪ ಒಂದೇ ಜಿಗಿತಕ್ಕೆ ಬದುವು ಹಾರಿದ.

"ಏ ಯವ್ವಾ! ನೀಲವ್ವ ಯಾರಬೇ? ಅಲ್ಲಿರೂದು ರೋಹಿಣಿ!"

"ನನ್ನ ಮಗಳಪ್ಪಾ," ಅಂದಳು ಫಕೀರವ್ವ, ಕೈ ನಿಲ್ಲಿಸದೆ. "ಕಾರಹುಣ್ಣಿವಿಗೆ ಬರ್ತೀನಂದಾಕಿ ಬರಲಿಲ್ಲ. ಸರಿ ಅತ್ತ, ಕೈ ತಪ್ಪಿಸಬ್ಯಾಡ. ಮುಂದಿನ ಸಾಲಿಗೆ ಈಕಿ ತಂಗಿ ಹೆಸರು ಐತಿ."

ಪಕ್ಕದವಳು ಆಗಲೇ ಎತ್ತಿಕೊಂಡಿದ್ದಳು. ಅವಳ ಹಾಡಿನಲ್ಲಿ ಅವಳ ತಂಗಿ ಬರಲಿಲ್ಲ. ಕಾಳು ಬೀಳುತ್ತಾ ಹೋಯಿತು, ಒಂದು ಚಿಟಿಕೆ, ಒಂದು ಚಿಟಿಕೆ, ಎಲ್ಲೂ ಹೆಚ್ಚಿಲ್ಲ, ಎಲ್ಲೂ ತಪ್ಪಿಲ್ಲ.

ಕಳಕಪ್ಪ ಕಾಲು ಅಪ್ಪಳಿಸುತ್ತಾ ದಾರಿಗೆ ಬಂದ.

"ನೋಡಿದ್ರೇನ್ರಿ ಅಜ್ಜಾರ? ರೋಹಿಣಿ ಹೋತು. ಮಿರಗ ಹೋತು. ನನ್ನ ಹೆಸರಂತೂ ಎತ್ತಿನ ಕಾಲಾಗ ಹೋತು. ಈ ಹಾಡಿನಾಗ ನಾ ಎಲ್ಲಿದ್ದೀನಿ, ನೀವ ಹೇಳ್ರಿ!"

ಅಜ್ಜ ದಾರಿಯ ಮೇಲೆ ನಿಂತು ಆ ಸಾಲು ಮುಗಿಯುವವರೆಗೂ ಕೇಳಿದ. ಎತ್ತುಗಳು ತಿರುಗಿದವು.

"ಎಲ್ಲೂ ಕಾಣವಲ್ಲಿ ತಮ್ಮಾ," ಅಂದ. "ಬುತ್ತಿ ಕಟ್ಟಿಸ್ತೀನಿ ನಡಿ. ಇನ್ನ ನೀ ಊರಿಗೆ ಹೋಗು."